1.6 ಮಿಯಾಟಾಗೆ 1994ರ ಹಿಂಭಾಗ ಕೂರಿಸಿದ್ದು: ನನ್ನ ಅನುಭವ

ಮಿಯಾಟಾ ಅಂದರೆ ಮಾಜ್ದಾ ಕಂಪನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನನ್ನ 1990ರ 1.6 ಲೀಟರ್ ಎಂಜಿನ್ನಿನ ಮಿಯಾಟಾದ ಕೆಳಗೆ 1994ರ 1.8 ಲೀಟರ್ ಕಾರಿನ ಡಿಫ್ (ಎಂಜಿನ್ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್), ಆಕ್ಸಲ್, ಬ್ರೇಕು ಕೂರಿಸಿ ಎರಡು ಬೇಸಿಗೆ ಕಳೆಯಿತು. ಸೀಲ್ ಸೋರಿಲ್ಲ, ಗಾಡಿ ನಡುಗಿಲ್ಲ, ಡಿಫ್ ಒಳಗಿನ ಗೇರು ಜೋಡಿ, ಅಂದರೆ ಕ್ರೌನ್ ಪಿನಿಯನ್, ಗುಂಯ್‌ಗುಟ್ಟಿಲ್ಲ. "ಎಂಜಿನ್ ಬದಲಿಸದೆ ಡಿಫ್ ಬದಲಿಸೋದು ಗಂಡಿಲ್ಲದೆ ಚಪ್ಪರ ಹಾಕಿದ ಹಾಗೆ" ಎಂದು ನಕ್ಕವರೇ ಈಗ ಯಾವ ಶಾಫ್ಟ್, ಎಷ್ಟು ದುಡ್ಡು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದು ಮುಗಿಸುತ್ತೇನೆ. ಜಾಕಿ ಎಲ್ಲಿ ಕೊಡಬೇಕು, ಬ್ರೇಕ್ ಪೈಪಿನ ಗಾಳಿ ಹೇಗೆ ತೆಗೆಯಬೇಕು, ಅಂದರೆ ಬ್ಲೀಡ್ ಮಾಡಬೇಕು ಅನ್ನೋದೆಲ್ಲ ನಿಮಗೆ ಗೊತ್ತು ಅಂದುಕೊಂಡಿದ್ದೇನೆ.

ಮಿಯಾಟಾ ಮೊದಲು ಕಂಡದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋ ಪ್ರದರ್ಶನದಲ್ಲಿ. ಅಮೆರಿಕದಲ್ಲಿ 1994ರ ಮಾಡೆಲ್ ಆಗಿ, ಜಪಾನಿನಲ್ಲಿ ಅದಕ್ಕೂ ಸ್ವಲ್ಪ ಮುಂಚೆ 1993ರಲ್ಲೇ ಯೂನೋಸ್ ರೋಡ್‌ಸ್ಟರ್ ಹೆಸರಿನಲ್ಲಿ, ಮಾಜ್ದಾ ಅದನ್ನು ಒಳಗಿಂದ ತಿದ್ದಿತು. ಹೊರಗಿನ ತಗಡು ಹಾಗೇ ಉಳಿಯಿತು, ಪಾಪ್‌ಅಪ್ ದೀಪಗಳೂ ಹಾಗೇ ಇದ್ದವು. ಎಲ್ಲರ ಬಾಯಲ್ಲೂ ಓಡಾಡಿದ್ದು ಎಂಜಿನ್ ಮಾತು: 1597 ಸಿಸಿ ಹೋಗಿ 1839 ಸಿಸಿ ಬಂತು, 116 ಕುದುರೆ ಶಕ್ತಿ 128 ಆಯಿತು. ಅದೇ ವರ್ಷ ಕಾರಿನ ಹಿಂದೆ ಇನ್ನೂ ದೊಡ್ಡ ಕೆಲಸ ನಡೆದಿತ್ತು. 6 ಇಂಚಿನ ಕ್ರೌನ್ ವೀಲ್ ಇದ್ದ ಡಿಫ್ ಹೋಗಿ 7 ಇಂಚಿನದು ಬಂತು. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್‌ನಲ್ಲಿ ದ್ರವದಿಂದ ಹಿಡಿಯುವ ವಿಸ್ಕಸ್ ಜಾಗಕ್ಕೆ ಗೇರುಗಳಿಂದ ಹಿಡಿಯುವ ಟಾರ್ಸನ್ ಬಂತು. ಆಕ್ಸಲ್ ದಪ್ಪವಾಯಿತು. ಮುಂದಿನ ಡಿಸ್ಕ್ 235 ಮಿಲಿಮೀಟರಿನಿಂದ 255ಕ್ಕೆ, ಹಿಂದಿನದು 231ರಿಂದ 251ಕ್ಕೆ ಏರಿತು. ಚಾಸಿಗೆ ಅಲ್ಲಲ್ಲಿ ಬ್ರೇಸ್ ಬಿತ್ತು.

1.8 ಎಂಜಿನ್ ಕೂರಿಸುವ ಲೆಕ್ಕವನ್ನೂ ಹಾಕಿ ನೋಡಿದ್ದೆ. ಎಂಜಿನ್ ಒಂದನ್ನೇ ತಂದರೆ ಸಾಲದು, ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಬೇಕು, ವೈರಿಂಗ್ ಬೇಕು. 1.6ರಲ್ಲಿ ಗಾಳಿ ಅಳೆಯುವುದು ರೆಕ್ಕೆ ಬಾಗಿಲಿನ ಮೀಟರ್, 1.8ರಲ್ಲಿ ಬಿಸಿ ತಂತಿಯದು, ಅದರ ವೈರಿನ ಪ್ಲಗ್ಗೂ ಬೇರೆ. ಇಷ್ಟೆಲ್ಲ ಮಾಡಿ ಸಿಗುವುದು 12 ಕುದುರೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ಸುಮ್ಮನೆ ಸುತ್ತಿ ರಬ್ಬರ್ ಸುಡುತ್ತಿದ್ದರೆ ಆ 12 ಕುದುರೆಯೂ ಹೊಗೆಯೇ. ನನ್ನ ವಿಸ್ಕಸ್ ಸತ್ತೇ ಹೋಗಿತ್ತು. ಹಿಂದಿನ ಎರಡೂ ಚಕ್ರ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತಿತ್ತು. ಒಳಗಿನ ಸಿಲಿಕೋನ್ ದ್ರವ ಹಳತಾದರೆ ಅದು ಯಾವ ಹಿಡಿತವೂ ಇಲ್ಲದ ಮಾಮೂಲಿ ಓಪನ್ ಡಿಫ್‌ಗಿಂತ ಏನೂ ಹೆಚ್ಚಲ್ಲ. ಬಿಚ್ಚಿ ತುಂಬಿಸುವ ಹಾಗೂ ಇಲ್ಲ.

ಹಿಂದೆ ಕೈ ಹಾಕುವ ಮುಂಚೆ ಮುಂದೆ ಒಂದು ಸಲ ಬಗ್ಗಿ ನೋಡಿ. 1991ರ ನಡುಭಾಗದ ತನಕ ಬಂದ 1.6ಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂತುದಿ, ಅಂದರೆ ಮೂಗು, ಗಿಡ್ಡ. ಕ್ರ್ಯಾಂಕ್ ಪುಲ್ಲಿಯ ನಡುವಿನ ತಟ್ಟೆಯಲ್ಲಿ ನಾಲ್ಕು ಕಂಡಿ ಇದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ. ಗಿಡ್ಡ ಮೂಗಿನಲ್ಲಿ ಬೋಲ್ಟ್ ಸ್ವಲ್ಪ ಸಡಿಲಾದರೂ ಪುಲ್ಲಿಯನ್ನು ಹಿಡಿಯುವ ಕೀ (ಸಣ್ಣ ಲೋಹದ ತುಂಡು) ಕೂರುವ ಜಾಗ ಸವೆದು ಪುಲ್ಲಿ ಕುಣಿಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ನನ್ನದು ನಾಲ್ಕು ಕಂಡಿಯದೇ. ಸವೆತ ಶುರುವಾಗಿತ್ತಷ್ಟೇ, ಲಾಕ್‌ಟೈಟ್ 660 ಅಂಟು ತುಂಬಿ, ಹೊಸ ಕೀ ಹೊಸ ಬೋಲ್ಟ್ ಹಾಕಿ, ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟೆ. ಸುಮಾರು 9,000 ಮೈಲಿ ಆಯಿತು, ಅಲುಗಾಡಿಲ್ಲ. ನಿಮ್ಮದು ಬೆರಳಿಗೆ ಸಿಗುವಷ್ಟು ಸವೆದಿದ್ದರೆ ಡಿಫ್ ದುಡ್ಡನ್ನು ಅಲ್ಲಿಗೇ ಎತ್ತಿಡಿ.

ಬ್ರೇಕಿನಿಂದ ಶುರು ಮಾಡಿದೆ, ಕಡಿಮೆ ದುಡ್ಡಿನ ಕೆಲಸ ಅಂತ. ಅಲ್ಲೇ ಮೊದಲ ತಪ್ಪು. ಮೊದಲು ಮುಂದಿನದು ಮಾತ್ರ ಹಾಕಿದೆ, ಹಿಂದಿನದು ಸಂಬಳ ಬಂದ ಮೇಲೆ ನೋಡೋಣ ಎಂದು. ಮುಂದೆ 255 ಹಿಂದೆ 231 ಇಟ್ಟರೆ ಬ್ರೇಕಿನ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಮುಂದಿನ ಚಕ್ರ ಮೊದಲಿಗಿಂತ ಬೇಗ ಲಾಕ್ ಆಗುತ್ತದೆ, ನಿಲ್ಲುವ ದೂರ ಒಂದಡಿಯೂ ಕಮ್ಮಿಯಾಗಲಿಲ್ಲ. ಮಾಜ್ದಾ ನಾಲ್ಕನ್ನೂ ಒಟ್ಟಿಗೆ ಬೆಳೆಸಿದ್ದು ಅದಕ್ಕೇ. ನಾಲ್ಕನ್ನೂ ಒಂದೇ ದಿನ ಮಾಡಿ, ಇಲ್ಲವೇ ಮುಟ್ಟಬೇಡಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಅದನ್ನು ಹಿಡಿಯುವ ಬ್ರಾಕೆಟ್ ಎರಡನ್ನೂ ಒಂದೇ 1.8 ಕಾರಿನಿಂದ ಬಿಚ್ಚಿಕೊಂಡು ಬಂದರೆ ತಲೆನೋವಿಲ್ಲ. ನಾವೇ ಬಿಚ್ಚಿಕೊಳ್ಳುವ ಗುಜರಿಯಲ್ಲಿ ನಾಲ್ಕಕ್ಕೂ ಸೇರಿ 110 ಡಾಲರ್ ಆಯಿತು. ಬ್ರಾಕೆಟ್ ಬೋಲ್ಟಿಗೆ ಮುಂದೆ 17ರ ಸಾಕೆಟ್, ಹಿಂದೆ 14ರದು.

ದೊಡ್ಡ ಡಿಸ್ಕ್ ಹಳೆಯ ಧೂಳು ತಗಡಿಗೆ ತಾಗುತ್ತದೆ. ಕೆಲವರು ತಗಡನ್ನೇ ಕಿತ್ತೆಸೆಯುತ್ತಾರೆ. ನಾನು ಅಂಚನ್ನು ಇಕ್ಕಳದಲ್ಲಿ ಹಿಡಿದು ಸುತ್ತಲೂ ಒಳಬದಿಗೆ ಬಗ್ಗಿಸಿದೆ, ಡಿಸ್ಕಿಗೂ ತಗಡಿಗೂ ನಡುವೆ ಒಂದು ಬೆಂಕಿಕಡ್ಡಿ ತೂರುವಷ್ಟು. ಅಷ್ಟು ಸಾಕು. 14 ಇಂಚಿನ ಹಳೆಯ ಚಕ್ರ ಇದರ ಮೇಲೆ ಸಲೀಸಾಗಿ ಕೂರುತ್ತದೆ, 1994ರ ಕಾರಿನಲ್ಲೂ ಇದ್ದದ್ದು 14 ಇಂಚೇ.

ಎರಡನೇ ತಪ್ಪು ಹೇಳಲು ನಾಚಿಕೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ. ಎರಡು ಬಾಟಲಿ ಡಾಟ್ 4 ಬ್ರೇಕ್ ಆಯಿಲ್ ಸುರಿದೆ, ಗಾಳಿ ಹೋಗಲೇ ಇಲ್ಲ. ನೋಡಿದರೆ ಮುಂದಿನ ಕ್ಯಾಲಿಪರ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಹಾಗೆ ಹಾಕಿದರೂ ಬೋಲ್ಟ್ ಕೂರುತ್ತದೆ, ಎಲ್ಲ ಸರಿಯಾಗಿರುವ ಹಾಗೇ ಕಾಣುತ್ತದೆ. ಬ್ಲೀಡ್ ನಿಪ್ಪಲ್ ಮಾತ್ರ ಕೆಳಗೆ ಹೋಗುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ಕೆಳಗಿನ ನಿಪ್ಪಲಿನಿಂದ ಬರೀ ಆಯಿಲ್ ಬರುತ್ತದೆ. ಗುಜರಿಯಲ್ಲಿ ಬಿಚ್ಚುವಾಗಲೇ ಎಡ-ಬಲ ಬರೆದಿಟ್ಟುಕೊಳ್ಳಿ.

ಹಿಂದಿನ ಕ್ಯಾಲಿಪರಿನಲ್ಲಿ ಇನ್ನೊಂದು ವಿಷಯ. ಬೇರೆ ಕಾರುಗಳಲ್ಲಿ ಪಿಸ್ಟನ್ನಿನ ಮುಖಕ್ಕೆ ಸಾಧನ ಕೊಟ್ಟು ತಿರುಗಿಸಿ ಒಳತಳ್ಳಿದವರು ಇಲ್ಲೂ ಅದನ್ನೇ ಮಾಡಿ ಹಾಳು ಮಾಡುತ್ತಾರೆ. ಇದರಲ್ಲಿ ಕ್ಯಾಲಿಪರಿನ ಹಿಂಬದಿಯಲ್ಲಿ ಒಂದು ಮುಚ್ಚಳ ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ 4 ಎಂಎಂ ಅಲೆನ್ ಕೀ ಕೂರುವ ಸ್ಕ್ರೂ ಸಿಗುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಒಳಗೆ, ಬಲಕ್ಕೆ ತಿರುಗಿಸಿದರೆ ಹೊರಗೆ. ಪ್ಯಾಡ್ ಡಿಸ್ಕನ್ನು ಅಪ್ಪುವ ತನಕ ಬಲಕ್ಕೆ ಹೋಗಿ, ಆಮೇಲೆ ಮೂರನೇ ಒಂದು ಸುತ್ತು ವಾಪಸ್ ಬನ್ನಿ. ಇದಾದ ಮೇಲೇ ಹ್ಯಾಂಡ್‌ಬ್ರೇಕ್ ಕೇಬಲ್ ಮುಟ್ಟುವುದು. ಮೊದಲು ಕೇಬಲ್ ಬಿಗಿದವರ ಹ್ಯಾಂಡ್‌ಬ್ರೇಕ್ ತಿಂಗಳೊಳಗೆ ಮೊಣಕೈ ಎತ್ತರಕ್ಕೆ ಬರುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ಡಿಫ್. ಇಲ್ಲಿ ಅಮೆರಿಕದವರು ಡಿಫ್‌ನ ನಡುಭಾಗವನ್ನು ಕುಂಬಳಕಾಯಿ ಎನ್ನುತ್ತಾರೆ. ನಾವು ಆಯುಧಪೂಜೆಗೆ ಚಕ್ರದ ಮುಂದೆ ಒಡೆಯುತ್ತೇವೆ, ಇವರು ಚಕ್ರದ ನಡುವೆ ಕೂರಿಸುತ್ತಾರೆ. ಮೊದಲ ಕುಂಬಳಕಾಯಿಯಲ್ಲೇ ಮೋಸ ಹೋದೆ. "1994ರ ಟಾರ್ಸನ್" ಎಂದು 175 ಡಾಲರ್ ಕೊಟ್ಟು ತಂದದ್ದು ಓಪನ್ ಡಿಫ್. 1.8 ಕಾರುಗಳಿಗೆಲ್ಲ 7 ಇಂಚಿನದು ಬಂತು ನಿಜ, ಎಲ್ಲಕ್ಕೂ ಟಾರ್ಸನ್ ಬರಲಿಲ್ಲ. ಆಟೊಮ್ಯಾಟಿಕ್ ಗಾಡಿಯದಾದರೆ ಓಪನ್ ಎಂದೇ ತಿಳಿಯಿರಿ. ಅದನ್ನು ಮಾರಿ 80 ವಾಪಸ್ ಬಂತು.

ನೆಲದ ಮೇಲಿರುವ ಡಿಫ್ ಪರೀಕ್ಷಿಸುವುದು ಹೀಗೆ. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಕೂರುವ ಪಿನಿಯನ್ ಫ್ಲ್ಯಾಂಜನ್ನು ಹಿಡಿಯದೆ, ಆಕ್ಸಲ್ ಸೇರುವ ಒಂದು ಕಡೆಯ ತುಂಡು (ಸ್ಟಬ್) ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ಹೋಗಿ ಪಿನಿಯನ್ನೂ ಸುತ್ತಿದರೆ ಟಾರ್ಸನ್ ಇರಬಹುದು. ಉಲ್ಟಾ ಹೋದರೆ ಓಪನ್. ಪಿನಿಯನ್ ಹಿಡಿದುಕೊಂಡು ನೋಡಬೇಡಿ, ಹಾಗೆ ಮಾಡಿದರೆ ಎಲ್ಲ ಡಿಫ್‌ಗಳೂ ಉಲ್ಟಾವೇ ತಿರುಗುವುದು. ನನಗೆ ಮಾರಿದವನು ಹಿಡಿದೇ ತೋರಿಸಿ, "ಎಲ್ಲದರಲ್ಲೂ ಹೀಗೇ" ಎಂದಿದ್ದ, ಆ ಮಾತೊಂದು ಸುಳ್ಳಲ್ಲ. ಸ್ಟಬ್ ಇಲ್ಲದಿದ್ದರೆ ಸೀಲ್ ತೂತಿನೊಳಗೆ ಟಾರ್ಚ್ ಬಿಡಿ. ಅಡ್ಡಕ್ಕೆ ಪಿನ್ ಕಂಡರೆ ಅದು ಟಾರ್ಸನ್ ಅಲ್ಲ, ವ್ಯಾಪಾರ ಬಿಟ್ಟು ಬನ್ನಿ.

ಎರಡನೇ ಸಲ 620 ಡಾಲರಿಗೆ ಪೂರ್ತಿ ಸೆಟ್ ತಂದೆ: ಟಾರ್ಸನ್ ಡಿಫ್, ಎರಡೂ ಆಕ್ಸಲ್ ಸ್ಟಬ್ ಸಮೇತ, ಪ್ರೊಪೆಲ್ಲರ್ ಶಾಫ್ಟ್. ಇವಿಷ್ಟೂ ಒಂದೇ ಕಾರಿನದಾಗಿರಲಿ. 1.6ರ ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜ್ 7 ಇಂಚಿನದಕ್ಕೆ ಕೂರುವುದಿಲ್ಲ, 1.6ರ ಆಕ್ಸಲ್ಲೂ ಕೂರುವುದಿಲ್ಲ. ಚಕ್ರ ಕೂರುವ ಹೊರಗಿನ ಹಬ್ ಮಾತ್ರ ಹಳೆಯದೇ ಸಾಕು. ಗೇರ್‌ಬಾಕ್ಸನ್ನೂ ಡಿಫ್ಫನ್ನೂ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು, ಅಂದರೆ ಪಿಪಿಎಫ್, ನನ್ನ 5 ಗೇರಿನ ಕಾರಿನದನ್ನೇ ಉಳಿಸಿಕೊಂಡೆ. ಆಟೊಮ್ಯಾಟಿಕ್‌ನದು ಬೇರೆ, ತರಬೇಡಿ. ಸಬ್‌ಫ್ರೇಮಿನಲ್ಲಿ ಡಿಫ್‌ನ ಎರಡು ಕಿವಿ ಹಳೆಯ ಜಾಗಕ್ಕೇ ಬೀಳುತ್ತವೆ, ಎಲ್ಲೂ ಕೊರೆಯುವುದಿಲ್ಲ, ಬೆಸೆಯುವುದಿಲ್ಲ.

ಬಿಚ್ಚುವ ಕ್ರಮ ಗೊತ್ತೇ ಇದೆ: ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಪಿಪಿಎಫ್, ಆಕ್ಸಲ್, ಕಡೆಗೆ ಡಿಫ್. ಶಾಫ್ಟ್ ಎಳೆದಾಗ ಗೇರ್‌ಬಾಕ್ಸಿನ ಬಾಲದಿಂದ ಆಯಿಲ್ ಸುರಿಯುತ್ತದೆ. ಮೊದಲೇ ಬಸಿದುಬಿಡಿ, ಇಲ್ಲವೇ ಬಾಲವನ್ನು ಪ್ಲಾಸ್ಟಿಕ್ ಚೀಲದಿಂದ ಕಟ್ಟಿ. ಆಕ್ಸಲ್ ನಟ್ಟಿಗೆ 29ರ ಸಾಕೆಟ್, ಕೆಲವು ಆಕ್ಸಲ್ಲಿಗೆ 32. ಗುದ್ದಿ ಮಡಚಿರುವ ತುಟಿಯನ್ನು ಮೊದಲು ಬಿಡಿಸದೆ ಸಾಕೆಟ್ ಕೊಟ್ಟರೆ ಥ್ರೆಡ್ಡೆಲ್ಲ ಹಾಳು. ಈ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ.

ಎರಡು ವಾರಾಂತ್ಯ ತಿಂದದ್ದು ಮಾತ್ರ ಹಿಂದಿನ ಹಬ್ಬಿನ ಕೆಳಗಿನ ಉದ್ದ ಬೋಲ್ಟ್. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಬೋಲ್ಟ್ ಹಬ್ಬಿನ ತುದಿಯಿಂದ ತುದಿಗೆ ಹಾಯುವುದರಿಂದ ರಬ್ಬರ್ ಬುಷ್ಷಿನೊಳಗಿನ ಕೊಳವೆಯೆಲ್ಲ ತುಕ್ಕು ತಿಂದು ಒಂದೇ ಕಬ್ಬಿಣವಾಗಿರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ತುದಿ ಅಣಬೆಯಾಗುತ್ತದೆ, ಬೋಲ್ಟ್ ಜರಗುವುದಿಲ್ಲ. ಬಲಗಡೆಯದಕ್ಕೆ ಬೆಂಕಿ ಕೊಟ್ಟೆ. ಬುಷ್ ಕರಗಿ ನಾತ ಹೊಡೆಯಿತೇ ಹೊರತು ಬೋಲ್ಟ್ ಬರಲಿಲ್ಲ, ಕಡೆಗೆ ಕತ್ತರಿಸಿದೆ. ಬೋಲ್ಟು, ಬುಷ್ಷು ಸೇರಿ 85 ಡಾಲರ್ ದಂಡ. ಎಡಗಡೆಗೆ ಬುದ್ಧಿ ಬಂದಿತ್ತು. ಕೆಳಗಿನದರ ತಂಟೆಗೇ ಹೋಗದೆ ಮೇಲಿನ ತೋಳಿನ ಹೊರಬೋಲ್ಟ್ ತೆಗೆದು, ಹಬ್ಬನ್ನು ಹೊರಕ್ಕೆ ವಾಲಿಸಿ ಆಕ್ಸಲ್ ಎಳೆದೆ. ಜಾಗ ಬಿಗಿ, ಆದರೆ ಸಾಲುತ್ತದೆ. ಬ್ರೇಕ್ ಹೋಸ್ ಜಗ್ಗದಂತೆ ಕ್ಯಾಲಿಪರನ್ನು ಮೊದಲೇ ತಂತಿಯಲ್ಲಿ ನೇತುಹಾಕಿ. ಕೆಳಗಿನದನ್ನೇ ತೆಗೆಯಬೇಕಾದರೆ ನಾಲ್ಕು ದಿನ ಮುಂಚಿನಿಂದ ಬೆಳಿಗ್ಗೆ ಸಂಜೆ ತುಕ್ಕುಬಿಡಿಸುವ ಆಯಿಲ್ ಕುಡಿಸಿ, ಹೊಡೆಯಬೇಡಿ, ತಲೆಯನ್ನು ಹಿಂದೆ ಮುಂದೆ ತಿರುಗಿಸುತ್ತಾ ಬನ್ನಿ. ತಿರುಗಿದರೆ ಬರುತ್ತದೆ.

ಹೊಸ ಡಿಫ್ ಮೇಲೇರಿಸುವ ಮುಂಚೆ ಮೇಜಿನ ಮೇಲೇ ಎರಡೂ ಪಕ್ಕದ ಸೀಲ್, ಪಿನಿಯನ್ ಸೀಲ್ ಬದಲಿಸಿ. ಕೆಳಗೆ ಮಲಗಿ ಆ ಕೆಲಸ ಮಾಡಿದವರಿಗೆ ಮಾತ್ರ ಅದರ ಬೆಲೆ ಗೊತ್ತು. ಸ್ಟಬ್ಬನ್ನು ಮೀಟಿ ತೆಗೆಯುವಾಗ ಕಬ್ಬಿಣದ ಬಾರನ್ನು ನೇರವಾಗಿ ಅಲ್ಯೂಮಿನಿಯಂ ಕವರಿಗೆ ಕೊಡಬೇಡಿ, ನಡುವೆ ಮರದ ತುಂಡಿರಲಿ. 6 ಇಂಚಿನದಕ್ಕೆ ಆಯಿಲ್ ಮುಕ್ಕಾಲು ಲೀಟರಿಗೂ ಕಮ್ಮಿ, 0.65ರಷ್ಟು, 7 ಇಂಚಿನದು ಒಂದು ಲೀಟರ್ ಕುಡಿಯುತ್ತದೆ. ಹಳೆಯ ಅಭ್ಯಾಸದಲ್ಲಿ ಒಂದೇ ಸಣ್ಣ ಬಾಟಲಿ ಹಾಕಿ ಬಿಟ್ಟವರಿದ್ದಾರೆ. ಆಯಿಲ್ ದರ್ಜೆ ಜಿಎಲ್-5, ದಪ್ಪ 75ಡಬ್ಲ್ಯೂ-90. ಟಾರ್ಸನ್ ಗೇರುಗಳ ತಿಕ್ಕಾಟದಿಂದಲೇ ಕೆಲಸ ಮಾಡುವುದು. ಕ್ಲಚ್ ಪ್ಲೇಟಿನ ಡಿಫ್‌ಗೆ ಹಾಕುವ ಜಾರಿಕೆಯ ಮದ್ದು ಇದಕ್ಕೆ ಬೇಡ.

ಎಲ್ಲ ಮುಗಿಸಿ ರಸ್ತೆಗೆ ಇಳಿದರೆ ಗಂಟೆಗೆ 60 ಮೈಲಿ ವೇಗದಲ್ಲಿ ಸೀಟಿನಡಿ ನಡುಕ. ಎಲ್ಲರೂ ಶಾಫ್ಟ್ ಬ್ಯಾಲೆನ್ಸ್ ಹೋಗಿದೆ ಎಂದರು. ಗೇರ್ ಲಿವರ್ ನೋಡಿದರೆ ಗುಂಡಿ ಮೊದಲಿಗಿಂತ ತಗ್ಗಿನಲ್ಲಿ ಕೂತಿತ್ತು, ಅಲ್ಲಿಗೆ ಹೊಳೆಯಿತು. ಪಿಪಿಎಫ್ ಬಿಗಿಯುವಾಗ ಗೇರ್‌ಬಾಕ್ಸಿನ ಬಾಲ ಜೋತುಬಿದ್ದಿತ್ತು, ಹಾಗೇ ಬಿಗಿದಿದ್ದೆ. ಬೋಲ್ಟ್ ತೂತುಗಳಲ್ಲಿ ಅಷ್ಟು ಆಟ ಇದೆ. ಬಾಲ ತಗ್ಗಿದರೆ ಶಾಫ್ಟಿನ ಎರಡು ತುದಿಯ ಕೋನ ಹೊಂದುವುದಿಲ್ಲ, ವೇಗ ಏರಿದಂತೆ ನಡುಗುತ್ತದೆ. ಬೋಲ್ಟ್ ಸಡಿಲಿಸಿ, ಬಾಲದಡಿ ಜಾಕಿ ಕೊಟ್ಟು ಮೇಲೆತ್ತಿ, ಮತ್ತೆ ಸುಮಾರು 115 ನ್ಯೂಟನ್ ಮೀಟರಿಗೆ ಬಿಗಿದೆ. ಎಷ್ಟು ಎತ್ತಬೇಕು ಎಂಬುದಕ್ಕೆ ಬಿಚ್ಚುವ ಮುಂಚೆಯೇ ಎರಡು ಚಾಸಿ ಪಟ್ಟಿಗಳ ಅಡಿಗೆ ಅಡ್ಡಲಾಗಿ ನೇರ ಕೋಲೊಂದನ್ನು ಹಿಡಿದು, ಅಲ್ಲಿಂದ ಪಿಪಿಎಫ್‌ನ ತಳಕ್ಕೆ ಎಷ್ಟು ಅಂತ ಅಳೆದು ಗೋಡೆಯ ಮೇಲೆ ಬರೆದಿಡಿ. ನಾನು ಅಳೆದಿರಲಿಲ್ಲ, ಮೂರು ಸಲ ಏರಿಸಿ ಇಳಿಸಿ ಸಿಕ್ಕಿತು. ನಡುಕ ಪೂರ್ತಿ ಹೋಯಿತು, ಶಾಫ್ಟಿಗೆ ಕೈ ಹಾಕಲೇ ಇಲ್ಲ.

ಇಷ್ಟಾದರೂ ಗಾಡಿ ಮಂಕು. ಇಲ್ಲಿ ಮಾತ್ರ ನಗುತ್ತಿದ್ದವರ ಮಾತಿನಲ್ಲಿ ಅರ್ಧ ನಿಜವಿತ್ತು. 1.6 ಡಿಫ್‌ನ ಅನುಪಾತ 4.30, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.30 ಸುತ್ತು, 1994ರದ್ದು 4.10. 1.8ರಲ್ಲಿ ತಿರುಗಿಸುವ ಬಲ, ಅಂದರೆ ಟಾರ್ಕ್, ಶೇಕಡಾ ಹತ್ತರಷ್ಟು ಹೆಚ್ಚು, 100ರಿಂದ 110 ಪೌಂಡ್ ಅಡಿಗೆ ಏರಿತ್ತು. ಹಾಗಾಗಿ ಮಾಜ್ದಾ ಅನುಪಾತವನ್ನು ಸುಮಾರು ಶೇಕಡಾ ಐದರಷ್ಟು ಇಳಿಸಿತು. ನಮ್ಮ 1.6ರಲ್ಲಿ ಆ ಹೆಚ್ಚಿನ ಟಾರ್ಕ್ ಇಲ್ಲ, ಇಳಿಸಿದ್ದು ಮಾತ್ರ ಬರುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಗಂಟೆಗೆ 58 ಮೈಲಿ ವೇಗ ಮುಟ್ಟುತ್ತಿದ್ದದ್ದು 61 ಆಯಿತು, ಅಲ್ಲಿಗೆ ತಲುಪುವುದು ತಡವಾಯಿತು. ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಸುಮಾರು 150 ಸುತ್ತು ಕಮ್ಮಿ, ಅದೊಂದೇ ಸುಖ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳತೊಡಗಿತು: ಅದು 60 ಎಂದಾಗ ಗಾಡಿ 63ರಲ್ಲಿರುತ್ತದೆ, ಏಕೆಂದರೆ ಮೀಟರಿನ ಗೇರ್ ಓಡುವುದು ಗೇರ್‌ಬಾಕ್ಸಿನ ಬಾಲದಿಂದ. 4.10 ಇಟ್ಟುಕೊಳ್ಳುವವರು 21 ಹಲ್ಲಿನ ಆ ಪ್ಲಾಸ್ಟಿಕ್ ಗೇರ್ ತೆಗೆದು 1.8 ಕಾರಿನ 20 ಹಲ್ಲಿನದು ಹಾಕಿದರೆ ಸರಿಹೋಗುತ್ತದೆ. ಬೆಲೆ ಚಿಲ್ಲರೆ, ಓ-ರಿಂಗ್ ಹೊಸದು ಹಾಕಿ.

ಹಾಗಾಗಿ ಮೂರನೇ ಕುಂಬಳಕಾಯಿ. ಎರಡನೇ ತಲೆಮಾರಿನ ಮಿಯಾಟಾದಲ್ಲಿ, ಅಂದರೆ 1999ರಿಂದ, 5 ಗೇರಿನ ಕಾರುಗಳಿಗೆ 4.30 ಬಂತು, ಅದರಲ್ಲೂ ಟಾರ್ಸನ್ ಇರುವುದು ಸಿಗುತ್ತದೆ. 6 ಗೇರಿನದು ತರಬೇಡಿ, ಅದರ ಅನುಪಾತ ಇನ್ನೂ ತಗ್ಗು. ಡಿಫ್ ಮತ್ತೆ ಇಳಿಸಿ, ಅಲ್ಯೂಮಿನಿಯಂ ಹಿಂದಿನ ಕವರ್ ನನ್ನದೇ ಇಟ್ಟುಕೊಂಡು ನಡುಭಾಗ ಮಾತ್ರ ಬದಲಿಸಿದೆ. ಸ್ಟಬ್, ಫ್ಲ್ಯಾಂಜ್ ಎಲ್ಲ ಹೊಂದಿತು. ಬೇರಿಂಗಿನ ಪಕ್ಕದ ಬಿಲ್ಲೆಗಳನ್ನು ಅಲುಗಿಸಬೇಡಿ, ಕ್ರೌನ್ ಪಿನಿಯನ್ ಆಟ ಕೆಟ್ಟರೆ ಜೀವನವಿಡೀ ಗುಂಯ್ ಅನ್ನುತ್ತದೆ. ಕವರ್ ಕೂರುವಲ್ಲಿನ ಹಳೆಯ ಸಿಲಿಕೋನ್ ಅಂಟು ಕೆರೆದು, ಎರಡೂ ಮುಖವನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಬೋಲ್ಟ್ ತೂತುಗಳ ಒಳಸುತ್ತಿನಲ್ಲಿ ತೆಳುವಾಗಿ ಹೊಸ ಅಂಟಿನ ಒಂದೇ ಎಳೆ ಎಳೆಯಿರಿ. ಆಯಿಲ್ ಮರುದಿನ ಹಾಕಿ.

4.30ರ ಕ್ರೌನ್ ಪಿನಿಯನ್ ಇದಕ್ಕಿಂತ ಅಗ್ಗಕ್ಕೆ ಇನ್ನೊಂದು ಗಾಡಿಯಲ್ಲೂ ಸಿಗುತ್ತದೆ. ಅದು ಮಾಜ್ದಾ ಅಲ್ಲ, ಸ್ಪೋರ್ಟ್ಸ್ ಕಾರೂ ಅಲ್ಲ. ಹೆಸರು ಹೇಳಿದರೆ ನಾಳೆ ನಮ್ಮ ಗುಜರಿಯಲ್ಲಿ ಒಂದೂ ಉಳಿಯುವುದಿಲ್ಲ, ನನಗಿನ್ನೂ ಒಂದು ಬೇಕು.

ಈಗ ಗಾಡಿ ಹೇಗಿದೆ ಅಂದರೆ, ಕೋನ್ ನಿಲ್ಲಿಸಿದ ಮೈದಾನದಲ್ಲಿ ಸುಮಾರು ಒಂದು ನಿಮಿಷದ ಸುತ್ತಿಗೆ ಒಂದೂವರೆ ಸೆಕೆಂಡ್ ಇಳಿದಿದೆ, ಅದೇ ಟೈರು, ಅದೇ ಎಂಜಿನ್. 1.8 ಎಂಜಿನ್ ಕೂರಿಸಿ ವಿಸ್ಕಸ್ ಡಿಫ್ ಉಳಿಸಿಕೊಂಡ ಒಬ್ಬರು ನನ್ನ ಹಿಂದೆಯೇ ಇದ್ದಾರೆ, ಅವರಿಗೆ ಅದು ಗೊತ್ತು. ಟಾರ್ಸನ್‌ಗೆ ಒಂದು ದೌರ್ಬಲ್ಯ ಇದೆ: ಒಳಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಅದೂ ಓಪನ್ ಡಿಫ್‌ನಂತೆಯೇ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಹಿಂದಿನ ಆಂಟಿ-ರೋಲ್ ಬಾರನ್ನು ಗಟ್ಟಿಯದು ಹಾಕಿ ನೋಡಿದೆ, ಚಕ್ರ ಎದ್ದೇ ಬಿಟ್ಟಿತು, ಮತ್ತೆ ಕಂಪನಿಯದೇ ಹಾಕಿದೆ. ಬ್ರೇಸ್‌ಗಳಲ್ಲಿ ಹಿಂದಿನ ಸಬ್‌ಫ್ರೇಮಿನದೊಂದು ಹಾಕಿದ್ದೇನೆ. ಕೈಗೆ ವ್ಯತ್ಯಾಸ ಸಿಕ್ಕಿತು ಎಂದು ಪ್ರಮಾಣ ಮಾಡಲಾರೆ.

ಖರ್ಚು ನೆನಪಿನಿಂದ ಹೇಳುವುದಾದರೆ: ಓಪನ್ ಡಿಫ್‌ನಲ್ಲಿ 95 ನಷ್ಟ, ಟಾರ್ಸನ್ ಸೆಟ್ 620, 4.30ರ ನಡುಭಾಗ 340, ಅದರಲ್ಲಿ 4.10ರದ್ದು ಮಾರಿ 280 ಬಂತು. ಕ್ಯಾಲಿಪರ್ 110, ಡಿಸ್ಕು ಪ್ಯಾಡು 190, ಬೋಲ್ಟು ಬುಷ್ಷು 85, ಸೀಲು ಆಯಿಲು 70, ಸುಮ್ಮನೆ ಚೆಲ್ಲಿದ ಬ್ರೇಕ್ ಆಯಿಲ್ 40. ಹತ್ತಿರ ಹತ್ತಿರ 1,300 ಡಾಲರ್. ಮೊದಲೇ 4.30 ಟಾರ್ಸನ್ ಹುಡುಕಿ, ಓಪನ್ ಡಿಫ್‌ಗೆ ಮರುಳಾಗದೆ, ಬೆಂಕಿ ಹಚ್ಚದೆ ಇದ್ದಿದ್ದರೆ ಸಾವಿರದ ಸುತ್ತ ಮುಗಿಯುತ್ತಿತ್ತು.

ಆಕ್ಸಲ್ ನಟ್ಟು ಹೊಸದೇ ಹಾಕಿ, 215ರಿಂದ 295 ನ್ಯೂಟನ್ ಮೀಟರ್ ನಡುವೆ ಬಿಗಿದು ತುಟಿ ಗುದ್ದಿ. 500 ಮೈಲಿಗೆ ಡಿಫ್ ಆಯಿಲ್ ಒಮ್ಮೆ ಬಸಿಯಿರಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದಿಯಂಥ ಮಸಿ ಅಂಟಿದ್ದರೆ ಸರಿ, ಚೂರು ಸಿಕ್ಕರೆ ಮತ್ತೆ ಕೆಳಗೆ ಮಲಗಲು ಸಿದ್ಧರಾಗಿ. ನನ್ನ ಹಳೆಯ 6 ಇಂಚಿನದು ಶಾಫ್ಟ್, ಆಕ್ಸಲ್ ಸಮೇತ ಗ್ಯಾರೇಜಿನ ಮೂಲೆಯಲ್ಲಿದೆ. ಬೇಕಾದವರು ಬಂದು ಒಯ್ಯಬಹುದು, ದುಡ್ಡು ಬೇಡ. ವಿಸ್ಕಸ್ ಸತ್ತಿದೆ, ಮೊದಲೇ ಹೇಳಿದ್ದೇನೆ.